ಎಬಿಎ ಥೆರಪಿ: ಕೆಲವು ವರ್ಷ ಬಳಸಿದ ಮೇಲೆ ಒಬ್ಬ ಅಮ್ಮನ ವಿಮರ್ಶೆ

ಐದಕ್ಕೆ ಮೂರೂವರೆ ಸ್ಟಾರ್. ಇದಕ್ಕಿಂತ ಜಾಸ್ತಿ ಕೊಡೋಕೆ ಮನಸ್ಸಿಲ್ಲ, ಕಡಿಮೆ ಕೊಟ್ಟರೆ ಅನ್ಯಾಯವಾಗುತ್ತದೆ.

ಮಗನಿಗೆ ಆಟಿಸಂ ಅಂತ ಗೊತ್ತಾದಾಗ ಅವನಿಗಿನ್ನೂ ಮೂರು ತುಂಬಿರಲಿಲ್ಲ, ಮಾತೂ ಬಂದಿರಲಿಲ್ಲ. ಈಗ ಪ್ರೈಮರಿ ಶಾಲೆಗೆ ಹೋಗುತ್ತಿದ್ದಾನೆ. ಈ ನಡುವೆ ಎರಡು ಸೆಂಟರ್ ನೋಡಿಯಾಯಿತು. ಎಬಿಎ ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಮಗುವಿನ ವರ್ತನೆಯ ಕಾರಣ ನೋಡಿ, ಬಹುಮಾನ ಕೊಡುತ್ತಾ ಹಂತಹಂತವಾಗಿ ಕಲಿಸುವ ಥೆರಪಿ. ಎರಡರ ಬೋರ್ಡಿನ ಮೇಲೂ ಎಬಿಎ ಅಂತಲೇ ಇತ್ತು, ಆದರೆ ಒಳಗಿನ ಕೆಲಸಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಅದಕ್ಕೇ ಯಾರಾದರೂ "ಎಬಿಎ ಒಳ್ಳೆಯದಾ?" ಅಂದರೆ ನಾನು ತಿರುಗಿ ಕೇಳುತ್ತೇನೆ, ಗೋಲ್ ಶೀಟಿನಲ್ಲಿ ಏನು ಬರೆದಿದ್ದಾರೆ ಅಂತ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಮಗ ಆಗಾಗ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ನೆಂಟರೆಲ್ಲ ಹಠ ಅನ್ನುತ್ತಿದ್ದರು. ಎರಡನೇ ಸೆಂಟರಿನವರು ಹಠ, ತುಂಟತನ ಅನ್ನೋ ಮಾತನ್ನೇ ಆಡಲಿಲ್ಲ. ಮೂರು ಕಾಲಂ ಇರುವ ಹಾಳೆ ಕೊಟ್ಟರು. ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು, ಇಷ್ಟೇ ಬರೆಯಬೇಕು. ಇದಕ್ಕೆ ಎಬಿಸಿ ಶೀಟ್ ಅನ್ನುತ್ತಾರೆ. ಒಂದಷ್ಟು ದಿನ ತುಂಬಿಸಿದ ಮೇಲೆ ಹಾಳೆಯೇ ಮಾತಾಡಿತು. ಕ್ರೇಯಾನ್, ಪಜಲ್, ಬಾಚಣಿಗೆ, ಏನಾದರೂ ಮುಂದೆ ತಂದಿಟ್ಟಾಗಲೇ ಚಚ್ಚಿಕೊಳ್ಳುವುದು ಶುರು. ನಾವು ಗಾಬರಿಯಾಗಿ ತಕ್ಷಣ ಅದನ್ನು ಎತ್ತಿಡುತ್ತಿದ್ದೆವು. "ಸಾಕು" ಅನ್ನಲು ಅವನ ಹತ್ತಿರ ಇದ್ದದ್ದು ಆ ಒಂದೇ ದಾರಿ.

ಹಾಗಾಗಿ ಅವನಿಗೆ ಇನ್ನೊಂದು ದಾರಿ ಕಲಿಸಿದರು. ಅಂಗೈ ಚಿತ್ರದ ಒಂದು ಚಿಕ್ಕ ಕಾರ್ಡ್, ಹಿಂದೆ ವೆಲ್ಕ್ರೋ. ಒಬ್ಬರು ಎದುರಿಗೆ ಪಜಲ್ ಹಿಡಿದು ಕೂರುತ್ತಿದ್ದರು, ಇನ್ನೊಬ್ಬರು ಅವನ ಹಿಂದೆ. ಮುಖ ಸಿಂಡರಿಸಲು ಶುರುಮಾಡಿದ ಕೂಡಲೇ ಹಿಂದಿನವರು ಅವನ ಮಣಿಕಟ್ಟು ಹಿಡಿದು ಕಾರ್ಡನ್ನು ಎದುರಿನವರ ಕೈಗೆ ಕೊಡಿಸುತ್ತಿದ್ದರು. ಕೊಟ್ಟ ತಕ್ಷಣ ಪಜಲ್ ಮಾಯ. ಪ್ರತಿ ಸಲವೂ, ತಕರಾರಿಲ್ಲದೆ. ಆಮೇಲಾಮೇಲೆ ಮಣಿಕಟ್ಟಿನ ಬದಲು ಮೊಣಕೈ ಮುಟ್ಟಿದರೆ ಸಾಕಾಯಿತು, ಕೊನೆಗೆ ಅದೂ ಬೇಡವಾಯಿತು. ಅವನೇ ಕಾರ್ಡ್ ಕೊಡಲು ಕಲಿತ ಮೇಲೆ ಮಾತ್ರ "ಇನ್ನೊಂದು ತುಂಡು ಇಟ್ಟು ಬಿಡೋಣ" ಅಂತ ಸ್ವಲ್ಪ ಸ್ವಲ್ಪ ಕಾಯಿಸಿದರು. ಕಾರ್ಡಿನ ಒಂದು ಮೂಲೆಯನ್ನು ಅವನು ಅಗಿದು ಹಾಕಿದ್ದ, ಅದು ಬೇರೆ ವಿಷಯ.

ಒಂದು ದಿನ ಅಜ್ಜಿ ತಲೆ ಬಾಚುತ್ತಿದ್ದಾಗ ತಪ್ಪಿಸಿಕೊಂಡು ಓಡಿದ. ಓಡಿದವನು ಕಾರ್ಡ್ ತಂದು ಅವರ ಕೈಗಿಟ್ಟ. "ಇದೇನೋ ಪುಟ್ಟಾ, ನನಗೇ ನೋಟಿಸಾ?" ಅಂದರು ಅತ್ತೆ. ಆದರೆ ಬಾಚಣಿಗೆ ಕೆಳಗಿಟ್ಟರು. ಯಾವ ಪ್ರೋಗ್ರೆಸ್ ರಿಪೋರ್ಟಿಗಿಂತಲೂ ನನಗೆ ಅದೇ ದೊಡ್ಡದು. ಚಚ್ಚಿಕೊಳ್ಳುವುದು ಪೂರ್ತಿ ನಿಂತಿಲ್ಲ, ಆದರೆ ತುಂಬಾ ಅಪರೂಪವಾಗಿದೆ.

ಇದು ಆ ಸೆಂಟರಿನವರು ಕಂಡುಹಿಡಿದದ್ದೇನಲ್ಲ. ಕಾರ್ ಮತ್ತು ಡ್ಯುರಾಂಡ್ ಅನ್ನುವ ಸಂಶೋಧಕರು 1985ರಲ್ಲೇ ಇದನ್ನು ತೋರಿಸಿದ್ದರು. ತೊಂದರೆ ಕೊಡುವ ವರ್ತನೆಯಿಂದ ಮಗುವಿಗೆ ಏನು ಸಿಗುತ್ತಿದೆಯೋ, ಅದನ್ನೇ ಕೇಳಿ ಪಡೆಯುವ ದಾರಿ ಕಲಿಸಿದರೆ ಆ ವರ್ತನೆ ಇಳಿಯುತ್ತದೆ ಅಂತ.

ಇನ್ನು ಮೊದಲನೇ ಸೆಂಟರ್. ಹೆಸರು ಬೇಡ. ಅಲ್ಲಿನ ಗೋಲ್ ಶೀಟಿನ ಮೊದಲ ಸಾಲೇ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಎರಡನೇದು ಕೈ ಆಡಿಸದೆ ಕೂರುವುದು. ಖುಷಿಯಾದಾಗ ಕೈ ಬಡಿಯುವ ಮಗುವಿಗೆ ಕೈ ಕಟ್ಟಿ ಕೂರು ಅಂದರೆ ಏನು ಸಿಕ್ಕ ಹಾಗಾಯಿತು? ಯಾರಿಗೂ ಅದರಿಂದ ತೊಂದರೆ ಇಲ್ಲ, ಅಲ್ವಾ? ನೋಡುವವರಿಗೆ ಮುಜುಗರ, ಅಷ್ಟೇ. ಚಿಕ್ಕವರಿದ್ದಾಗ ಇಂಥ ಥೆರಪಿ ಪಡೆದು ಈಗ ದೊಡ್ಡವರಾಗಿರುವ ಆಟಿಸಂ ಇರುವ ಎಷ್ಟೋ ಜನ ಇದನ್ನೇ ಹೇಳುತ್ತಿದ್ದಾರೆ. ಮಾಮೂಲಿಯವರಂತೆ ನಟಿಸುವುದನ್ನು ಕಲಿತೆವು, ಆ ನಟನೆಯಲ್ಲೇ ಸುಸ್ತಾದೆವು ಅಂತ. ಅವರ ಮಾತು ಓದಿಯೇ ಆ ಎರಡು ಸಾಲು ತೆಗೆಸಿ ಅಂದೆ. ತೆಗೆಯಲಿಲ್ಲ. ನಾವು ಬಿಟ್ಟೆವು.

ಅಲ್ಲಿ ಟೇಬಲ್ ವರ್ಕ್ ಕೂಡ ಹೀಗೇ. ಕಾರ್ಡ್ ತೋರಿಸು, "ಕೆಂಪು ಮುಟ್ಟು", ಮುಟ್ಟಿದರೆ ಬಿಸ್ಕತ್ತಿನ ಚೂರು, ಮತ್ತೆ ಅದೇ. ರಿಪೋರ್ಟಿನಲ್ಲಿ ಕೆಂಪು ನೂರಕ್ಕೆ ನೂರು. ಮನೆಯಲ್ಲಿ ಕೆಂಪು ಅಂಗಿ ತಾ ಅಂದರೆ ಸುಮ್ನೆ ನಿಂತಿರುತ್ತಿದ್ದ. ಆ ಕುರ್ಚಿ, ಆ ಕಾರ್ಡ್, ಆ ಅಕ್ಕ ಇದ್ದರೆ ಮಾತ್ರ ಕೆಂಪು. ಕಲಿತದ್ದು ಬೇರೆ ಜಾಗಕ್ಕೆ, ಬೇರೆ ಜನರ ಹತ್ತಿರ ದಾಟದಿದ್ದರೆ ಕಲಿತ ಲೆಕ್ಕವಲ್ಲ.

ಗಂಟೆಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಪ್ಪ-ಅಮ್ಮಂದಿರು ಹೆದರುವುದೇ ಇಲ್ಲಿ. "ವಾರಕ್ಕೆ 40 ಗಂಟೆ ಕೊಡದಿದ್ದರೆ ಪ್ರಯೋಜನವಿಲ್ಲ, ವಯಸ್ಸು ಮೀರಿ ಹೋಗುತ್ತದೆ" ಅಂತ ನಮಗೂ ಹೇಳಿದ್ದರು. ಆ 40ರ ಮೂಲ 1987ರಲ್ಲಿ ಐವರ್ ಲೋವಾಸ್ ಅನ್ನುವ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಅಧ್ಯಯನ. ತೀವ್ರ ಥೆರಪಿ ಪಡೆದ ಗುಂಪಿನಲ್ಲಿ ಇದ್ದದ್ದು 19 ಮಕ್ಕಳು. ಅವರಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಹೋಗುವಂತಾದರು ಅಂತ ಬರೆದರು. ಯಾವ ಮಗು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ. ಗದರಿಸುವುದು, ತೊಡೆಗೆ ಹೊಡೆಯುವುದು ಕೂಡ ಆಗಿನ ವಿಧಾನದಲ್ಲಿ ಸೇರಿತ್ತು. ಇದನ್ನು ಸೇಲ್ಸ್ ಮಾತಿನಲ್ಲಿ ಯಾರೂ ಹೇಳುವುದಿಲ್ಲ. 2024ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರಿಗೆ, ಗಂಟೆ ಜಾಸ್ತಿಯಾದ ಹಾಗೆ ಲಾಭವೂ ಜಾಸ್ತಿ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ನಾವು ಗಂಟೆ ಕಡಿಮೆ ಮಾಡಿದೆವು. ಮಧ್ಯಾಹ್ನದ ನಿದ್ದೆ ವಾಪಸ್ ಬಂತು, ಸಂಜೆ ಮಗನ ಮುಖ ನೋಡುವ ಹಾಗಾಯಿತು.

ಈಗ ಹೋಗುತ್ತಿರುವ ಎರಡನೇ ಸೆಂಟರಿನಲ್ಲಿ ಮುಕ್ಕಾಲು ಪಾಲು ಕಲಿಕೆ ನೆಲದ ಮೇಲೆ, ಆಟದ ಜೊತೆಯಲ್ಲೇ. ಸೋಪಿನ ಗುಳ್ಳೆ ಊದುತ್ತಾ ಊದುತ್ತಾ ನಿಲ್ಲಿಸುತ್ತಾರೆ. ಅವನು ಕೈ ಮುಟ್ಟಿಯೋ, "ಊ" ಅಂದೋ ಕೇಳಬೇಕು. ಬಹುಮಾನವೂ ಗುಳ್ಳೆಯೇ, ಬಿಸ್ಕತ್ತಲ್ಲ. ಪುಟ್ಟ ಮಕ್ಕಳಿಗೆ ಆಟದ ಮೂಲಕ ಕಲಿಸುವ ಡೆನ್ವರ್ ಮಾಡೆಲ್ ಅನ್ನುವ ವಿಧಾನವೂ ಇದೇ ದಾರಿಯದು. 2010ರಲ್ಲಿ 48 ಪುಟ್ಟ ಮಕ್ಕಳ ಮೇಲೆ ನಡೆದ ಅದರ ಅಧ್ಯಯನದಲ್ಲಿ ಮಾತು, ದಿನನಿತ್ಯದ ಕೆಲಸ ಎರಡರಲ್ಲೂ ಸುಧಾರಣೆ ಕಂಡಿತ್ತು.

ಹಾಗಾದರೆ ಒಂದೂವರೆ ಸ್ಟಾರ್ ಯಾಕೆ ಹೋಯಿತು? ಒಂದು, ದಿನಾ ಮಗುವಿನ ಜೊತೆ ಕೂರುವವರು ಬದಲಾಗುತ್ತಲೇ ಇರುತ್ತಾರೆ. ಪ್ಲಾನ್ ಬರೆಯುವವರು ಓದಿದವರೇ. ಆದರೆ ಆರ್‌ಬಿಟಿ ಅನ್ನುವ ಟೆಕ್ನಿಷಿಯನ್ ಹುದ್ದೆಗೆ ಬೇಕಾದ ತರಬೇತಿ 40 ಗಂಟೆಯದು. ಮಗು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಕೆಲಸ ಬಿಟ್ಟಿರುತ್ತಾರೆ. ಇನ್ನೊಂದು, ಎಲ್ಲದಕ್ಕೂ ಇದೇ ಮದ್ದು ಅನ್ನುವ ಧೋರಣೆ. ಹ್ಯಾಂಡ್ ಡ್ರೈಯರ್ ಸದ್ದಿಗೆ ಮಗ ಕಿವಿ ಮುಚ್ಚಿ ಕೂಗುತ್ತಾನೆ. ಸ್ಟಿಕ್ಕರ್ ಕೊಟ್ಟರೆ ಆ ಸದ್ದು ಸಣ್ಣದಾಗುತ್ತದಾ? ಹೆಡ್‌ಫೋನ್ ಹಾಕಿದೆವು, ಮುಗಿಯಿತು. ಮಾತಿಗೆ ಸ್ಪೀಚ್ ಥೆರಪಿ ಬೇರೆಯೇ ಬೇಕಾಯಿತು.

ಸೇರಿಸಬೇಕು ಅಂದುಕೊಂಡವರಿಗೆ ಇನ್ನೊಂದು ಮಾತು. ಕಿರುಚಿದರೆ ಟ್ಯಾಬ್ ಕೊಡುವುದನ್ನು ನಿಲ್ಲಿಸಿದರೆ ಕಿರುಚಾಟ ಮೊದಲು ಜೋರಾಗಬಹುದು, ಆಮೇಲೆ ಇಳಿಯುತ್ತದೆ. ನಮಗೆ ಇದನ್ನು ಮುಂಚೆಯೇ ಹೇಳಿದ್ದರಿಂದ ತಡೆದುಕೊಂಡೆವು. ಆದರೆ ಮಗು ಗಾಯ ಮಾಡಿಕೊಳ್ಳುವಂತಿದ್ದರೆ ನೀವೇ ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಜೊತೆಗೆ ತಿಳಿದವರಿರಲಿ. ಮತ್ತೆ, ಸೆಷನ್ ನಡೆಯುವಾಗ ಒಳಗೆ ಕೂತು ನೋಡಲು ಬಿಡುತ್ತೀರಾ ಅಂತ ಮೊದಲೇ ಕೇಳಿ. ಒಂದೂ ದಿನ ಬಿಡುವುದಿಲ್ಲ ಅಂದರೆ ಅಡ್ವಾನ್ಸ್ ಕಟ್ಟಬೇಡಿ.

ನಾವು ಸದ್ಯಕ್ಕೆ ಮುಂದುವರಿಸುತ್ತಿದ್ದೇವೆ, ಕಡಿಮೆ ಗಂಟೆಗೆ. ಈಗಿನ ಶೀಟಿನಲ್ಲಿ ಮೂರೇ ಗೋಲ್: ಹಲ್ಲುಜ್ಜುವುದು, ಶಾಲೆಯಲ್ಲಿ ಟಾಯ್ಲೆಟ್‌ಗೆ ಕೇಳುವುದು, ಬೇಡದ್ದಕ್ಕೆ ಬೇಡ ಅನ್ನುವುದು. ಮೂರನೇದನ್ನು ನಾನೇ ಬರೆಸಿದೆ.