ಸಾಲದ ಕೇಸಿನಲ್ಲಿ ರಾಜಿ: ಬ್ಯಾಂಕಿನ ಪತ್ರ, ಲೋಕ ಅದಾಲತ್, ಕೋರ್ಟಿನ ಡಿಕ್ರಿ

ಸಾಲ ವಸೂಲಿ ದಾವಾ ರಾಜಿಯಾಯಿತು ಅಂದರೆ ಎಲ್ಲರೂ ಕೇಳುವುದು ಒಂದೇ: ಎಷ್ಟು ಬಿಟ್ಟರು? ನನಗೆ ಅದಕ್ಕಿಂತ ಮುಖ್ಯ ಅನಿಸುವುದು, ನಾಳೆ ಬ್ಯಾಂಕಿನವರು ಮಾತು ತಪ್ಪಿದರೆ ನಮ್ಮ ಕೈಯಲ್ಲಿ ಏನಿರುತ್ತದೆ ಅನ್ನೋದು. ನನ್ನ ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್, ತಮ್ಮನ ಗಾಡಿ ಸಾಲಕ್ಕೆ ಹಾಕಿದ ಜಾಮೀನು, ಇವು ಬೇರೆ ಬೇರೆ ದಾರಿಯಲ್ಲಿ ಮುಗಿದವು.

ಕಾರ್ಡಿನದ್ದು ಕೋರ್ಟಿನ ಹೊರಗೇ ಆಯಿತು. ವಸೂಲಿಯವರು ಫೋನಿನಲ್ಲಿ ಮಾತಾಡಿ, ಇಮೇಲಿನಲ್ಲಿ ಸೆಟಲ್‌ಮೆಂಟ್ ಪತ್ರ ಕಳಿಸಿದರು. ರಿಯಾಯಿತಿ ಜಾಸ್ತಿ ಸಿಕ್ಕಿದ್ದೂ ಇಲ್ಲೇ. ಕಂತು ಪೂರ್ತಿ ಕಟ್ಟಿದ ಮೇಲೂ ದಾವಾ ನಡೆಯುತ್ತಲೇ ಇತ್ತು. ವಾದಿ ಕಡೆ ವಕೀಲರನ್ನು ಕೇಳಿದರೆ, "ನಮಗೆ ಬ್ಯಾಂಕಿನವರು ಏನೂ ಹೇಳಿಲ್ಲವಲ್ಲ" ಅಂದರು. ಅಂಥ ಪತ್ರ ಬರೀ ಕರಾರು, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಅಲ್ಲ. ಅದನ್ನು ಹಿಡಿದು ನೇರ ಅಮಲ್ಜಾರಿಗೆ, ಅಂದರೆ ಕೋರ್ಟಿನ ಮೂಲಕ ಜಾರಿ ಮಾಡಿಸಲು, ಹೋಗಲು ಆಗುವುದಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 23, ರೂಲ್ 3ರಡಿ ರಾಜಿ ಅಂತ ದಾಖಲಿಸಲು ಅದು ಬರವಣಿಗೆಯಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ನನ್ನ ಪತ್ರದ ಕೆಳಗೆ ಇದ್ದದ್ದು "ಕಂಪ್ಯೂಟರ್ ಪ್ರತಿ, ಸಹಿ ಬೇಕಿಲ್ಲ" ಅನ್ನುವ ಸಣ್ಣಕ್ಷರದ ಸಾಲು! ಒಂದೊಂದೇ ರಸೀದಿ ತೋರಿಸಿ, ಓಡಾಡಿ, ಕೊನೆಗೆ ದಾವಾ ವಾಪಸ್ ಆಯಿತು.

ಲೋನ್ ಲೋಕ ಅದಾಲತ್‌ಗೆ, ಅಂದರೆ ರಾಜಿಯಲ್ಲೇ ಕೇಸು ಮುಗಿಸುವ ವೇದಿಕೆಗೆ, ಹೋಯಿತು. ಬೇಗ ಮುಗಿಯುತ್ತದೆ. ವಾದಿ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುವುದರಿಂದ ಬ್ಯಾಂಕಿನವರೂ ಸ್ವಲ್ಪ ಮೆತ್ತಗಿರುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಲ್ಲಿನ ಅವಾರ್ಡ್ (ರಾಜಿಯ ಮೇಲೆ ಕೊಡುವ ಆದೇಶ) ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲೂ ಇಲ್ಲ. ಆದರೆ ಆ ಗದ್ದಲದಲ್ಲಿ ಓದಿ ಸಹಿ ಹಾಕುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೊತ್ತ, ಕಂತು ತುಂಬಿದ ನಮೂನೆ ಮುಂದೆ ಬಂತು. ಹಣ ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ (ಬಾಕಿ ಇಲ್ಲ ಅನ್ನುವ ಪತ್ರ) ಯಾವಾಗ ಕೊಡುತ್ತಾರೆ ಅನ್ನುವುದೇ ಇಲ್ಲ. ಪೆನ್ನಿನಲ್ಲಿ ಬರೆಸಿ ಸಹಿ ಹಾಕಿದೆ. ಅವಾರ್ಡಿನಲ್ಲಿ ಇಲ್ಲದ್ದನ್ನು ಆಮೇಲೆ ಅಮಲ್ಜಾರಿಯಲ್ಲಿ ಕೇಳಲು ಬರುವುದಿಲ್ಲ.

ಜಾಮೀನಿನ ಕೇಸಿನಲ್ಲಿ ಎರಡೂ ಕಡೆಯವರು ಸೇರಿ ಕೋರ್ಟಿಗೇ ರಾಜಿ ಅರ್ಜಿ ಹಾಕಿ ಡಿಕ್ರಿ ಮಾಡಿಸಿಕೊಂಡೆವು. ವಕೀಲರ ಫೀಸು ಇದೆ, ಮುಂದಿನ ತಾರೀಕಿಗೆ ಕಾಯುವುದೂ ಇದೆ. ಆದರೂ ನನ್ನ ಓಟು ಇದಕ್ಕೇ, ಯಾಕೆಂದರೆ ಒಂದೊಂದು ಷರತ್ತನ್ನೂ ಎಳೆದಾಡಲು ಸಮಯ ಸಿಕ್ಕಿತು. ಅವರ ಕರಡಿನಲ್ಲಿ "ಯಾವುದೇ ಒಂದು ಕಂತು ತಪ್ಪಿದರೆ ಪೂರ್ತಿ ದಾವಾ ಮೊತ್ತ ಬಡ್ಡಿ ಸಮೇತ" ಅಂತಿತ್ತು. ನಮ್ಮ ವಕೀಲರು ಅದನ್ನು "ಸತತ 2 ಕಂತು ತಪ್ಪಿ, 15 ದಿನದ ನೋಟಿಸ್ ಕೊಟ್ಟ ಮೇಲೂ ಕಟ್ಟದಿದ್ದರೆ" ಅಂತ ಮಾಡಿಸಿದರು. ಮುಂದೊಂದು ತಿಂಗಳು ತಮ್ಮನ ಸಂಬಳ ತಡವಾದಾಗ ಈ ಷರತ್ತೇ ನಮ್ಮನ್ನು ಉಳಿಸಿತು.

ಡಿಕ್ರಿ ನಮ್ಮನ್ನೂ ಕಟ್ಟಿಹಾಕುತ್ತದೆ ಅನ್ನುವುದು ನೆನಪಿರಲಿ. ನಾವು ತಪ್ಪಿದರೆ ಅವರು ಹೊಸ ದಾವಾ ಹಾಕಬೇಕಿಲ್ಲ. 12 ವರ್ಷದೊಳಗೆ ಯಾವಾಗ ಬೇಕಾದರೂ ಅಮಲ್ಜಾರಿ ಅರ್ಜಿ ಹಾಕಿ ಬ್ಯಾಂಕ್ ಖಾತೆ, ಸಂಬಳದ ಒಂದು ಪಾಲು ಜಪ್ತಿಗೆ ಕೇಳಬಹುದು. ಕಂತು ಕಟ್ಟುವ ಧೈರ್ಯವಿಲ್ಲದಿದ್ದರೆ ಸುಮ್ನೆ ಸಹಿ ಹಾಕಬೇಡಿ. ಪೂರ್ತಿ ಹಣ ಒಂದೇ ಸಲ ಕೈಯಲ್ಲಿದ್ದರೆ ಬ್ಯಾಂಕಿನ ಪತ್ರವೂ ನಡೆಯುತ್ತದೆ, ಸಹಿ ಮತ್ತು ಸೀಲು ಇರಬೇಕು ಅಷ್ಟೇ. ಸಿಬಿಲ್‌ನಲ್ಲಿ (ನಮ್ಮ ಸಾಲಗಳ ಇತಿಹಾಸದ ದಾಖಲೆಯಲ್ಲಿ) "ಸೆಟಲ್ಡ್", ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದದ್ದು, ಅಂತ ಬಿದ್ದರೆ ಮುಂದಿನ ಸಾಲಕ್ಕೆ ತೊಡಕು, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಡಿಕ್ರಿ ಆದ ಮೇಲೆ ಕೋರ್ಟಿನ ಹೊರಗೆ ಹಣ ಕಟ್ಟಿದರೆ ಆರ್ಡರ್ 21, ರೂಲ್ 2ರಡಿ ಅದನ್ನು ಕೋರ್ಟಿನಲ್ಲಿ ದಾಖಲಿಸಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನವರು ತಿಳಿಸದಿದ್ದರೆ, ಕಟ್ಟಿದ 30 ದಿನದೊಳಗೆ ನಾವೇ ಅರ್ಜಿ ಹಾಕಬೇಕು.