ಸಿಗ್‌ವಿನ್: ಗಟ್ಟಿ ಸಾಮಾನು, ಆದರೆ ಡಿಎಲ್‌ಎಲ್‌ಗೆ ಎಕ್ಸ್ ಬಿಟ್ ಇದೆಯಾ ನೋಡಿ

ವಿಂಡೋಸ್‌ನಲ್ಲಿ ಬ್ಯಾಶ್, ಗ್ರೆಪ್, ಜಿಸಿಸಿ ಥರದ ಲಿನಕ್ಸ್ ಸಾಧನಗಳು ಬೇಕು ಅಂತ ಸಿಗ್‌ವಿನ್ ಹಾಕಿಕೊಂಡವನು ನಾನು, ವರ್ಷಗಳಾದರೂ ತೆಗೆದಿಲ್ಲ. 1995ರಿಂದ ಇರುವ ಯೋಜನೆ ಇದು. ಇದನ್ನು ಲಿನಕ್ಸ್ ಅಂದುಕೊಂಡರೆ ಮಾತ್ರ ಕಷ್ಟ. ಇಲ್ಲಿನ ಪ್ರೋಗ್ರಾಂಗಳೆಲ್ಲ ವಿಂಡೋಸ್ ಇಎಕ್ಸ್‌ಇಗಳೇ, ಮಧ್ಯೆ ಸಿಗ್‌ವಿನ್1.ಡಿಎಲ್‌ಎಲ್ (ಡಿಎಲ್‌ಎಲ್ ಅಂದರೆ ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಇರುವ ವಿಂಡೋಸ್ ಫೈಲ್) ಕೂತು ಲಿನಕ್ಸ್ ಥರ ನಡೆಸುತ್ತದೆ, ಅಷ್ಟೆ.

ಇದರ ಬಿಸಿ ತಟ್ಟುವುದು ಪರ್ಮಿಷನ್ ವಿಷಯದಲ್ಲಿ. ಲಿನಕ್ಸ್‌ನಲ್ಲಿ ಎಸ್‌ಒ ಫೈಲ್‌ಗೆ (ಡಿಎಲ್‌ಎಲ್‌ನ ಲಿನಕ್ಸ್ ರೂಪ) ಓದುವ ಅನುಮತಿ ಇದ್ದರೆ ಸಾಕು, ಡೆಬಿಯನ್‌ನಲ್ಲಂತೂ ಅವು 644ರಲ್ಲೇ, ಅಂದರೆ ಎಕ್ಸಿಕ್ಯೂಟ್ ಅನುಮತಿ ಇಲ್ಲದೆಯೇ, ಇರುತ್ತವೆ. ವಿಂಡೋಸ್ ಹಾಗಲ್ಲ, ಡಿಎಲ್‌ಎಲ್ ಲೋಡ್ ಮಾಡಲು ಎಕ್ಸಿಕ್ಯೂಟ್ ಹಕ್ಕು (ಎಕ್ಸ್ ಬಿಟ್) ಕೇಳುತ್ತದೆ. ಹಾಗಾಗಿ ಬೇರೆ ಮೆಷಿನ್‌ನಲ್ಲಿ 644 ಆಗಿದ್ದ ಡಿಎಲ್‌ಎಲ್‌ಗಳನ್ನು ಟಾರ್ ಅಥವಾ ಆರ್‌ಸಿಂಕ್‌ನಲ್ಲಿ ಪರ್ಮಿಷನ್ ಸಮೇತ ತಂದರೆ, ಫೈಲ್ ಕಣ್ಣೆದುರೇ ಇದ್ದರೂ ಪ್ರೋಗ್ರಾಂ ಏಳುವುದಿಲ್ಲ. ಯಾವ ಡಿಎಲ್‌ಎಲ್ ಅಡ್ಡ ಬಂತು ಅಂತ ಎಷ್ಟೋ ಸಲ ಹೆಸರೂ ಹೇಳುವುದಿಲ್ಲ! ಸಿಗ್‌ವಿನ್‌ನದೇ ಸಿಗ್‌ಚೆಕ್ ಓಡಿಸಿ ಆ ಪ್ರೋಗ್ರಾಂಗೆ ಬೇಕಾದ ಡಿಎಲ್‌ಎಲ್‌ಗಳ ಪಟ್ಟಿ ತೆಗೆಯಿರಿ, ಎಕ್ಸ್ ಇಲ್ಲದಿದ್ದಕ್ಕೆ ಚ್‌ಮಾಡ್ ಪ್ಲಸ್ ಎಕ್ಸ್ (ಆ ಅನುಮತಿ ಸೇರಿಸುವ ಕಮಾಂಡ್) ಕೊಡಿ, ಮುಗೀತು.

ಚ್‌ಮಾಡ್ ಕೊಟ್ಟರೂ ಏನೂ ಬದಲಾಗದಿದ್ದರೆ ಎಫ್‌ಎಸ್‌ಟ್ಯಾಬ್ (ಡ್ರೈವ್‌ಗಳನ್ನು ಹೇಗೆ ಜೋಡಿಸಬೇಕು ಅಂತ ಬರೆದಿರುವ ಫೈಲ್) ತೆರೆದು ನೋಡಿ, ಆ ಡ್ರೈವ್ ನೋಎಸಿಎಲ್ ಅಂತ, ಅಂದರೆ ವಿಂಡೋಸ್‌ನ ಪರ್ಮಿಷನ್ ಪಟ್ಟಿ ಲೆಕ್ಕಿಸದಂತೆ, ಮೌಂಟ್ ಆಗಿರಬಹುದು. ಆಗ ಸಿಗ್‌ವಿನ್ ತೋರಿಸುವ ಪರ್ಮಿಷನ್ ಸುಮ್ನೆ ಊಹೆ, ನಿಜವಾದದ್ದು ವಿಂಡೋಸ್ ಫೋಲ್ಡರ್‌ನಿಂದ ಬಂದಿರುತ್ತದೆ. ವಿಂಡೋಸ್ ಪ್ರೋಗ್ರಾಂಗಳ ಜೊತೆ ಹಂಚಿಕೊಳ್ಳುವ ಫೋಲ್ಡರ್‌ಗೆ ನನಗಿದೇ ಇಷ್ಟ, ಎರಡೂ ಕಡೆಯ ಪರ್ಮಿಷನ್ ಜಗಳ ಇರುವುದಿಲ್ಲ.

ಇನ್ನೊಂದು, ಪ್ರೋಗ್ರಾಂ ಶುರುವಾಗುವಾಗ ಬೇಕಾದ ಡಿಎಲ್‌ಎಲ್‌ಗಳನ್ನು ವಿಂಡೋಸ್ ಹುಡುಕುವುದು ಪಾತ್‌ನಲ್ಲಿ (ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ). ಲಿನಕ್ಸ್‌ನಲ್ಲಿ ಇದಕ್ಕೆ ಬಳಸುವ ಎಲ್‌ಡಿ ಲೈಬ್ರರಿ ಪಾತ್ ಇಲ್ಲಿ ಕೆಲಸಕ್ಕೆ ಬರುವುದು ಡಿಎಲ್‌ಓಪನ್‌ಗೆ (ಪ್ರೋಗ್ರಾಂ ಓಡುವಾಗ ಲೈಬ್ರರಿ ತೆರೆಯುವ ಕರೆ) ಮಾತ್ರ. ಲಿನಕ್ಸ್‌ನಿಂದ ಬಂದವರು ಇಲ್ಲೇ ಜಾಸ್ತಿ ಒದ್ದಾಡುತ್ತಾರೆ.

ಫೋರ್ಕ್ (ಹೊಸ ಪ್ರೊಸೆಸ್ ಹುಟ್ಟಿಸುವುದು) ನಿಧಾನ, ದೊಡ್ಡ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದರೆ ಬೇಸರ ಬರುತ್ತದೆ. 32 ಬಿಟ್ ಮೆಷಿನ್ ಇದ್ದವರಿಗೆ ಸಿಗ್‌ವಿನ್ 3.4ರಿಂದ ಬೆಂಬಲವೇ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಲಿನಕ್ಸ್‌ಗೆ ಬಿಲ್ಡ್ ಮಾಡಿದ ಎಸ್‌ಒ ಫೈಲನ್ನೇ ಲೋಡ್ ಮಾಡಬೇಕು ಅನ್ನುವವರಿಗೆ ಇದು ಆಗುವುದಿಲ್ಲ, ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ನಿಜವಾದ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಳ್ಳಿ. ಅಲ್ಲೂ ವಿಂಡೋಸ್ ಡ್ರೈವ್‌ನ ಫೈಲ್‌ಗಳೆಲ್ಲ 777 (ಎಲ್ಲರಿಗೂ ಎಲ್ಲ ಅನುಮತಿ) ಅಂತ ಕಾಣುತ್ತವೆ. ಡಬ್ಲ್ಯುಎಸ್‌ಎಲ್ ಕಾನ್ಫ್ ಫೈಲ್‌ನಲ್ಲಿ ಮೆಟಾಡೇಟಾ (ಲಿನಕ್ಸ್ ಪರ್ಮಿಷನ್ ಉಳಿಸಿಡುವ ಆಯ್ಕೆ) ಆನ್ ಮಾಡುವ ತನಕ ಚ್‌ಮಾಡ್ ಅಲ್ಲಿ ನಾಟುವುದಿಲ್ಲ, ಎಸ್‌ಎಸ್‌ಎಚ್ ಕೀ ಇಟ್ಟರಂತೂ ಎಲ್ಲರಿಗೂ ತೆರೆದಿದೆ ಅಂತ ಎಸ್‌ಎಸ್‌ಎಚ್ ತಕರಾರು ತೆಗೆಯುತ್ತದೆ.