ಸಿಸಿಟಿವಿ ಹಾಕಿಸುವಾಗ ಸುಮ್ನೆ ‘ಹೂಂ’ ಅನ್ನಬೇಡಿ

ಅರಸೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಸೇವಾ ಸಿಂಧು ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಇಂಥವೇ ಕೆಲಸ. ನೆಟ್ ಇದ್ದರೆ ವ್ಯಾಪಾರ, ಇಲ್ಲದಿದ್ದರೆ ನೊಣ ಹೊಡೆಯಬೇಕು. ಹೋದ ವರ್ಷ ಮೂರು ತಿಂಗಳು ಗಿರಾಕಿಗಳನ್ನು ‘ಸರ್ವರ್ ಬಿಜಿ ಇದೆ, ಮಧ್ಯಾಹ್ನದ ಮೇಲೆ ಬನ್ನಿ’ ಅಂತ ಹೇಳಿ ಕಳಿಸಿದ್ದೇ ಕಳಿಸಿದ್ದು. ಸರ್ಕಾರದ ಸರ್ವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಆ ಸಲ ಮಾತ್ರ ಪಾಪ ಅದರ ತಪ್ಪು ಇರಲಿಲ್ಲ. ತಪ್ಪೆಲ್ಲ ನನ್ನ ತಲೆಯ ಮೇಲಿನ ಶೆಲ್ಫಿನಲ್ಲಿ ಕೂತಿದ್ದ ಸಿಸಿಟಿವಿ ಡಬ್ಬದ್ದು, ಅಂದರೆ ಡಿವಿಆರ್‌ದು. ಅದನ್ನು ಹಾಗೆ ಕೂರಿಸಲು ಬಿಟ್ಟವನು ನಾನೇ.

ನಾಲ್ಕು ಕ್ಯಾಮೆರಾ ಹಾಕಿಸಿದ್ದೆ. ಊರಿಗೆ ಹೋದಾಗಲೂ ಮೊಬೈಲಿನಲ್ಲಿ ಅಂಗಡಿ ಕಾಣಬೇಕು ಅಂದೆ. ಹಾಕಲು ಬಂದ ಹುಡುಗ ‘ಸ್ಟ್ಯಾಟಿಕ್ ಐಪಿ ತಗೊಳ್ಳಿ ಸಾರ್, ಪೋರ್ಟ್ ಫಾರ್ವರ್ಡ್ ಮಾಡ್ತೀನಿ’ ಅಂದ. ಹೂಂ ಅಂದೆ. ಅರ್ಧ ಗಂಟೆ ಒದ್ದಾಡಿದ, ಬರಲಿಲ್ಲ. ‘ಡಿಎಂಜೆಡ್‌ಗೆ ಹಾಕಿಬಿಡ್ತೀನಿ ಸಾರ್, ತಲೆನೋವೇ ಇರಲ್ಲ’ ಅಂದ. ಅದಕ್ಕೂ ಹೂಂ. ‘ಪಾಸ್‌ವರ್ಡ್ ಕಂಪನಿದೇ ಇರಲಿ, ಬದಲಾಯಿಸಿದ್ರೆ ಎಲ್ರೂ ಮರೀತಾರೆ.’ ಹೂಂ. ಮೂರು ಹೂಂ ಹೇಳಿ, ಟೀ ಕುಡಿಸಿ, ದುಡ್ಡು ಕೊಟ್ಟು ಕಳಿಸಿದೆ. ಒಂದು ಮಾತೂ ಅರ್ಥ ಆಗಿರಲಿಲ್ಲ. ಕೇಳಿದರೆ ಎಲ್ಲಿ ದಡ್ಡ ಅಂದುಕೊಳ್ಳುತ್ತಾನೋ ಅಂತ ಸುಮ್ಮನಿದ್ದೆ, ಅಷ್ಟೇ.

ಸ್ವಲ್ಪ ದಿನದಲ್ಲೇ ನೆಟ್ ತೆವಳಲು ಶುರುವಾಯಿತು. ಫೋನ್ ಮಾಡಿದರೆ ನೆಟ್‌ನವರದ್ದು ಒಂದೇ ಮಂತ್ರ, ‘ಎಲ್ಲಾ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್.’ ಮಜಾ ಏನು ಗೊತ್ತಾ, ಮಾಡಿದರೆ ಸರಿಹೋಗುತ್ತಿತ್ತು! ಹತ್ತು ನಿಮಿಷ, ಇಲ್ಲ ಅರ್ಧ ಗಂಟೆ. ಆಮೇಲೆ ಮತ್ತೆ ಅದೇ ಕಥೆ. ಮಧ್ಯೆ ಒಂದು ಎಸ್‌ಎಂಎಸ್ ಬಂತು. ನಿಮ್ಮ ಕನೆಕ್ಷನ್ನಿನಲ್ಲಿ ಬಾಟ್‌ನೆಟ್ ಸೋಂಕು ಕಂಡುಬಂದಿದೆ, ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ನೋಡಿ ಅಂತ ಏನೋ ಇತ್ತು. ದಿನಾ ಬರುವ ಮೋಸದ ಮೆಸೇಜುಗಳ ಜೊತೆ ಅದನ್ನೂ ಡಿಲೀಟ್ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ರಾತ್ರಿ ಕಂಪ್ಯೂಟರ್ ಆಫ್ ಮಾಡಿ, ಲೈಟ್ ಆರಿಸಿ, ಶಟರ್ ಅರ್ಧ ಎಳೆದಿದ್ದೆ. ಕತ್ತಲಲ್ಲಿ ರೌಟರಿನ ಒಂದು ಹಸಿರು ದೀಪ ಮಾತ್ರ ಬಿಡದೆ ಪಟಪಟ ಅಂತ ಮಿನುಗುತ್ತಿತ್ತು. ವೈರ್ ಹಿಡಿದುಕೊಂಡು ಹೋದರೆ ಡಿವಿಆರ್. ರೆಕಾರ್ಡಿಂಗ್ ಅದರ ಹೊಟ್ಟೆಯಲ್ಲಿರುವ ಹಾರ್ಡ್‌ಡಿಸ್ಕಿಗೆ ಹೋಗುತ್ತದೆ, ಮೊಬೈಲಿನಲ್ಲಿ ನಾನು ನೋಡುತ್ತಿಲ್ಲ, ಹಾಗಿದ್ದರೆ ಇದು ಯಾರ ಜೊತೆ ಇಷ್ಟೊಂದು ಮಾತಾಡುತ್ತಿದೆ?

ಅಕ್ಕನ ಮಗ ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದಾನೆ. ಭಾನುವಾರ ಬಂದವನು ಲ್ಯಾಪ್‌ಟಾಪಿನಲ್ಲಿ 192.168.1.1 ಅಂತ ಹೊಡೆದು ರೌಟರಿನ ಪುಟ ತೆಗೆದ. ಎರಡು ನಿಮಿಷ ನೋಡಿ, ‘ಮಾವ, ಬಾಗಿಲು ತೆಗೆದಿಟ್ಟಿದ್ದಲ್ಲ ಇದು, ಗೋಡೇನೇ ಕೆಡವಿದಾರೆ’ ಅಂದ.

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ವಠಾರ ನೋಡಿದ್ದೀರಲ್ಲ, ಹೊರಗೆ ಒಂದೇ ಗೇಟು, ಒಳಗೆ ಸಾಲು ಮನೆ. ರೌಟರ್ ಆ ಗೇಟು. ಒಳಗಿನ ಒಂದೊಂದು ಮನೆಗೂ 192.168 ಅಂತ ಶುರುವಾಗುವ ನಂಬರ್, ಅದು ವಠಾರದೊಳಗೆ ಮಾತ್ರ ನಡೆಯುತ್ತದೆ. ಒಳಗಿನವರು ಕೇಳಿದ್ದಕ್ಕೆ ಉತ್ತರ ಬಂದರೆ ಗೇಟು ಬಿಡುತ್ತದೆ, ಗುರುತಿಲ್ಲದವರು ತಾವಾಗಿ ಬಂದರೆ ಬಿಡುವುದಿಲ್ಲ. ಸಾಮಾನ್ಯವಾಗಿ ನೆಟ್‌ನವರು ಒಂದೇ ಹೊರ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ. ಸ್ಟ್ಯಾಟಿಕ್ ಐಪಿ ತಗೊಂಡರೆ ಮೇನ್ ರೋಡಿನಲ್ಲಿ ನಮ್ಮದೇ ಬೋರ್ಡ್ ಹಾಕಿಕೊಂಡ ಹಾಗೆ. ಪೋರ್ಟ್ ಅಂದರೆ ಕಿಂಡಿಯ ನಂಬರ್, ತಾಲ್ಲೂಕು ಕಚೇರಿಯಲ್ಲಿ ಇರುತ್ತದಲ್ಲ ಹಾಗೆ. ಒಟ್ಟು 65,535 ಇವೆ, ವೆಬ್‌ಗೆ 80, ಬೀಗ ಹಾಕಿದ ವೆಬ್‌ಗೆ 443. ಪೋರ್ಟ್ ಫಾರ್ವರ್ಡ್ ಅಂದರೆ ‘ಈ ನಂಬರ್ ಕೇಳಿಕೊಂಡು ಬಂದವರನ್ನು ಆ ಮನೆಗೆ ಬಿಡು’ ಅಂತ ಗೇಟಿಗೆ ಹೇಳಿಡುವುದು. ಡಿಎಂಜೆಡ್ ಅಂದರೆ ಯಾರೇ ಬರಲಿ, ಯಾವ ನಂಬರ್ ಕೇಳಲಿ, ಎಲ್ಲರನ್ನೂ ಆ ಮನೆಗೇ ಕಳಿಸು ಅಂತ. ನನ್ನ ಡಿವಿಆರ್ ಆ ಮನೆ.

ಅದರಲ್ಲಿ 23ನೇ ಕಿಂಡಿ ತೆರೆದೇ ಇತ್ತು. ಟೆಲ್‌ನೆಟ್ ಅಂತೆ, ದೂರದಿಂದ ಲಾಗಿನ್ ಆಗುವ ಹಳೇ ಕಾಲದ ದಾರಿ. 2016ರಲ್ಲಿ ಮಿರಾಯ್ ಅಂತ ಒಂದು ಪ್ರೋಗ್ರಾಂ ಬಂತು. ಇಂಟರ್ನೆಟ್ಟಿನಲ್ಲಿ ಕಂಡ ಕಂಡ ವಿಳಾಸದ 23 ತಟ್ಟುವುದು, ಕಂಪನಿಯವರು ಹಾಕಿ ಕಳಿಸುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡುಗಳನ್ನು ಹಾಕಿ ನೋಡುವುದು, ಒಳಗೆ ನುಗ್ಗುವುದು, ಅಲ್ಲಿಂದ ಮುಂದಿನ ಮನೆ ತಟ್ಟುವುದು. ಹೀಗೆ ಸೇರಿದ ಕ್ಯಾಮೆರಾ, ಡಿವಿಆರ್, ರೌಟರುಗಳ ದಂಡೇ ಬಾಟ್‌ನೆಟ್. ಆ ವರ್ಷ ಅಕ್ಟೋಬರ್ 21ರಂದು ಇಂಥ ದಂಡು ಡೈನ್ ಅನ್ನೋ ಡಿಎನ್‌ಎಸ್ ಕಂಪನಿ, ಅಂದರೆ ವೆಬ್‌ಸೈಟಿನ ಹೆಸರು ಹೇಳಿದರೆ ಅದರ ನಂಬರ್ ವಿಳಾಸ ಹುಡುಕಿಕೊಡುವ ಕಂಪನಿ, ಅದರ ಮೇಲೆ ಒಟ್ಟಿಗೆ ಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಸುಮಾರು ಹೊತ್ತು ಮಲಗಿದ್ದವು. ಮಿರಾಯ್ ಬರೆದ ಹುಡುಗರು ಸಿಕ್ಕಿಬಿದ್ದು 2017ರಲ್ಲಿ ತಪ್ಪೊಪ್ಪಿಕೊಂಡರು, ಆದರೆ ಅದಕ್ಕೂ ಮುಂಚೆಯೇ ಕೋಡ್ ಎಲ್ಲರ ಕೈಗೆ ಸಿಕ್ಕಿತ್ತು. ಅದರ ಮರಿಗಳು ಇನ್ನೂ ಓಡಾಡುತ್ತಿವೆ.

ಆಫ್-ಆನ್ ಗುಟ್ಟು ಆಗ ತಿಳಿಯಿತು. ಇಂಥವು ಹೆಚ್ಚಾಗಿ ಡಬ್ಬದ ಮೆಮೊರಿಯಲ್ಲಿ ಮಾತ್ರ ಕೂರುತ್ತವೆ, ಕರೆಂಟ್ ತೆಗೆದರೆ ಹೋಗುತ್ತವೆ. ಬಾಗಿಲು ಹಾಗೇ ಇರುತ್ತದಲ್ಲ, ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಇನ್ನೊಂದು ಬಂದು ಸೇರಿಕೊಳ್ಳುತ್ತದೆ. ಮೂರು ತಿಂಗಳು ನಾನು ಮಾಡಿದ್ದು ಅಷ್ಟೇ, ಹಳೆಯವರನ್ನು ಕಳಿಸಿ ಹೊಸಬರಿಗೆ ಜಾಗ ಮಾಡಿಕೊಟ್ಟಿದ್ದು.

ದುಡ್ಡು ಹೋಗಲಿಲ್ಲ. ಹೊಟ್ಟೆಯಲ್ಲಿ ಈಗಲೂ ಕಿವುಚುವುದು ಬೇರೆ ವಿಷಯ. ಒಂದು ಕ್ಯಾಮೆರಾ ನೇರವಾಗಿ ಕೌಂಟರಿನ ಮೇಲಿದೆ. ಜನ ಆಧಾರ್ ಇಡುವುದು, ಮೊಬೈಲಿನಲ್ಲಿ ಒಟಿಪಿ ತೋರಿಸುವುದು ಅಲ್ಲೇ. ಯಾರಾದರೂ ನೋಡಿದರೋ ಇಲ್ಲವೋ, ಹೇಗೆ ಹೇಳಲಿ?

ನೀವು ಇವತ್ತೇ ರೌಟರ್ ಪುಟ ತೆಗೆದು ನೋಡಿ, ಸಾಮಾನ್ಯವಾಗಿ 192.168.1.1 ಇಲ್ಲವೇ 192.168.0.1, ಡಬ್ಬದ ಕೆಳಗಿನ ಸ್ಟಿಕರಿನಲ್ಲಿ ಇರುತ್ತದೆ. ಡಿಎಂಜೆಡ್ ಆನ್ ಇದ್ದರೆ ಆಫ್ ಮಾಡಿ. ಪೋರ್ಟ್ ಫಾರ್ವರ್ಡ್ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ್ದು ಇದ್ದರೆ ತೆಗೆಯಿರಿ. ಯುಪಿಎನ್‌ಪಿ ಆನ್ ಇದ್ದರೆ ಒಳಗಿನ ಯಂತ್ರಗಳು ನಿಮ್ಮನ್ನು ಕೇಳದೆ ತಾವೇ ಕಿಂಡಿ ತೆರೆದುಕೊಳ್ಳಬಹುದು, ಅದನ್ನೂ ಆರಿಸಿ. ರೌಟರ್, ಡಿವಿಆರ್ ಎರಡರ ಪಾಸ್‌ವರ್ಡೂ ಬದಲಾಯಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕೆಲವು ಹಳೇ ಡಬ್ಬಗಳಲ್ಲಿ ಪರದೆಯ ಪಾಸ್‌ವರ್ಡ್ ಬದಲಾದರೂ ಟೆಲ್‌ನೆಟ್‌ದು ಫ್ಯಾಕ್ಟರಿಯಲ್ಲಿ ಹಾಕಿದ್ದೇ ಉಳಿಯುತ್ತದೆ, ಅದಕ್ಕೇ ಮೊದಲು ಗೇಟು ಮುಚ್ಚಬೇಕು. ಫರ್ಮ್‌ವೇರ್, ಅಂದರೆ ಡಬ್ಬದೊಳಗಿನ ಸಾಫ್ಟ್‌ವೇರ್, ಅದಕ್ಕೆ ಅಪ್‌ಡೇಟ್ ಬಂದಿದ್ದರೆ ಹಾಕಿ. ನನ್ನ ಡಬ್ಬಕ್ಕೆ ಬರುವುದು ನಿಂತೇ ಹೋಗಿತ್ತು, ಹಾಗಾಗಿ ನೆಟ್ ವೈರ್ ಕಿತ್ತುಹಾಕಿದೆ. ರೆಕಾರ್ಡಿಂಗ್ ಆಗುತ್ತದೆ, ಮೊಬೈಲಿನಲ್ಲಿ ಕಾಣುವುದಿಲ್ಲ. ಪರವಾಗಿಲ್ಲ.

ಅದೇ ಹುಡುಗ ಎದುರಿನ ಮೆಡಿಕಲ್ ಸ್ಟೋರಿಗೂ ಹಾಕಿಕೊಟ್ಟಿದ್ದ. ಹೋಗಿ ಕೇಳಿದೆ. ‘ನಮ್ದು ಏನೂ ತೊಂದ್ರೆ ಇಲ್ಲಪ್ಪ’ ಅಂದರು ಮಾಲೀಕರು, ‘ಸಂಜೆ ಸ್ವಲ್ಪ ನೆಟ್ ಸ್ಲೋ ಆಗತ್ತೆ, ಆಫ್ ಮಾಡಿ ಆನ್ ಮಾಡ್ತೀನಿ, ಸರಿಹೋಗತ್ತೆ.’